ಹಸಿರು ಹುಲ್ಲೇ ಹಗೆಯಾದಾಗ

ನಮ್ಮಲ್ಲಿ ರೈತರು ಮುಂಗಾರಿನ ಮೊದಲ ಮಳೆಗಾಗಿ ಮುಗಿಲು ನೋಡುವ ಮೇ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇಸಿಗೆ ಆಗಷ್ಟೇ ಕಾಲಿಡುತ್ತಿರುತ್ತದೆ. ಬೇಸಿಗೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬತ್ತಿದ ಕೆರೆ, ಬಿರುಕುಬಿಟ್ಟ ಹೊಲ. ಅಲ್ಲಿ ಹಾಗಲ್ಲ. ಚಳಿಗಾಲವಿಡೀ ಮುದುಡಿದ್ದ ಹುಲ್ಲು ಎಳೆಬಿಸಿಲಿಗೆ ಮೈಕೊಡವಿ ಎದ್ದು ನಿಲ್ಲುವ ಕಾಲವದು. ದೇಶದ ಪೂರ್ವಕ್ಕಿರುವ ನಾರ್ಫೋಕ್ ಪ್ರಾಂತ್ಯದಲ್ಲಿ ಬೆಳಗಿನ ಐದು ಗಂಟೆಗೆ ಮುಂಚೆಯೇ ಸೂರ್ಯೋದಯ. ಅಲ್ಲಿನ ಕುದುರೆಗಳ ಆಶ್ರಯಧಾಮಗಳಲ್ಲಿ ದಿನದ ಕೆಲಸವೂ ಬೇಗನೆ ಶುರುವಾಗುತ್ತದೆ. ಅದರಲ್ಲೊಂದು ಕೆಲಸ ನೋಡುವವರಿಗೆ ವಿಚಿತ್ರವಾಗಿ ಕಾಣಬಹುದು. ಹಸಿವಿನಿಂದ ಸಾಯುವ ಸ್ಥಿತಿಯಲ್ಲಿದ್ದು ಬದುಕಿ ಬಂದ ಕುದುರೆಗಳನ್ನು ಹಸಿರು ಹುಲ್ಲಿನಿಂದ ಎಬ್ಬಿಸಿ ಒಳಗೆ ತರುವುದು!

ಇಂಗ್ಲೆಂಡಿನಲ್ಲಿ ಇಂಥ ಆಶ್ರಯಧಾಮಗಳಿಗೆ ಹಳೆಯ ಇತಿಹಾಸವಿದೆ. 1877ರಲ್ಲಿ ಪ್ರಕಟವಾದ ಅನ್ನಾ ಸೂಯೆಲ್ ಅವರ 'ಬ್ಲ್ಯಾಕ್ ಬ್ಯೂಟಿ' ಕಾದಂಬರಿ ಗಾಡಿ ಎಳೆಯುವ ಕುದುರೆಗಳ ಪಾಡನ್ನು ಮನೆಮನೆಗೆ ತಲುಪಿಸಿತು. ಅನ್ನಾ ಹುಟ್ಟಿದ್ದೂ ನಾರ್ಫೋಕ್‌ನಲ್ಲೇ. ಲಂಡನ್ನಿನ ಬಾಡಿಗೆ ಗಾಡಿಗಳ ದಣಿದ ಕುದುರೆಗಳಿಗಾಗಿ 1886ರಲ್ಲಿ ಒಂದು ವಿಶ್ರಾಂತಿಧಾಮ ಆರಂಭವಾಯಿತು. ಇಂದಿನ ದೊಡ್ಡ ಸಂಸ್ಥೆಗಳಲ್ಲಿ ಒಂದಾದ ರೆಡ್‌ವಿಂಗ್ಸ್ 1984ರಲ್ಲಿ ಸ್ಥಾಪನೆಯಾದದ್ದು. ಅದರ ಆಸರೆಯಲ್ಲಿರುವ ಕುದುರೆ, ಕತ್ತೆಗಳ ಸಂಖ್ಯೆ ಸಾವಿರಕ್ಕೂ ಹೆಚ್ಚು. ಇವೆಲ್ಲ ಗಾಡಿಯ ಕುದುರೆಗಳಲ್ಲ. ಕೊಂಡವರು ಸಾಕಲಾರದೆ ಬಯಲಲ್ಲಿ ಬಿಟ್ಟವು, ಬೆಲೆ ಕುಸಿದಾಗ ಕೇಳುವವರಿಲ್ಲದೆ ಉಳಿದವು ಬಹಳ. 2008ರ ಜನವರಿಯಲ್ಲಿ ಅಮೆರ್‌ಶಾಮ್ ಊರಿನ ಬಳಿಯ ಒಂದು ತೋಟದಲ್ಲಿ ಮೂವತ್ತಕ್ಕೂ ಹೆಚ್ಚು ಕುದುರೆಗಳು ಸತ್ತುಬಿದ್ದಿದ್ದವು. ಅವುಗಳ ನಡುವೆಯೇ ನೂರಕ್ಕೂ ಹೆಚ್ಚು ಜೀವಗಳು ಕೊಳೆಯಲ್ಲಿ, ಹಸಿವಿನಲ್ಲಿ ನಿಂತಿದ್ದವು. ರೆಡ್‌ವಿಂಗ್ಸ್ ಸೇರಿದಂತೆ ಹಲವು ಸಂಸ್ಥೆಗಳು ಅವನ್ನು ಹಂಚಿಕೊಂಡು ಸಾಕಿದವು.

ಹೀಗೆ ಎಲುಬು ಎಣಿಸುವಂತಾಗಿ ಬಂದ ಕುದುರೆಗೆ ಮೊದಲು ಏನು ಕೊಡಬೇಕು? ನಮ್ಮ ಮನೆಯ ಹಿರಿಯರನ್ನು ಕೇಳಿದರೆ, ಹುರುಳಿ ಬೇಯಿಸಿ ಹೊಟ್ಟೆತುಂಬ ಇಡಿ ಎಂದಾರು. ಆದರೆ ಹಾಗೆ ಮಾಡಿದರೆ ನಾಲ್ಕಾರು ದಿನಗಳಲ್ಲಿ ಅದು ಸತ್ತೇಹೋಗಬಹುದು. ಬಹುಕಾಲ ಹಸಿದ ದೇಹಕ್ಕೆ ಕಾಳಿನ ಪಿಷ್ಟ ಒಮ್ಮೆಲೇ ಸಿಕ್ಕಾಗ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳ ಒಳಗೆ ನುಗ್ಗುತ್ತವೆ. ರಕ್ತದಲ್ಲಿ ಅವುಗಳ ಬರ ಬಿದ್ದು ಹೃದಯ, ಶ್ವಾಸಕೋಶಗಳು ಕೈಬಿಡುತ್ತವೆ. ಆದ್ದರಿಂದ ಮೊದಲ ದಿನಗಳಲ್ಲಿ, ನಮ್ಮ ರೈತರು ಕುದುರೆ ಮಸಾಲೆ ಎನ್ನುವ ಲೂಸರ್ನ್ ಸೊಪ್ಪನ್ನು ಒಣಗಿಸಿ ಕೆಲವು ಗಂಟೆಗೊಮ್ಮೆ ಹಿಡಿ ಹಿಡಿಯಷ್ಟೇ ಕೊಡುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು ಪರೀಕ್ಷಿಸಿ ಕಂಡುಕೊಂಡ ಕ್ರಮವಿದು. ರಾತ್ರಿ ಹೊತ್ತು ಎದ್ದು ಕೊಡುವವರಿಗೆ ಅದರ ಹಸಿದ ನೋಟವನ್ನು ಎದುರಿಸುವುದೇ ಕಷ್ಟ.

ಚಳಿಗಾಲದಲ್ಲಿ ಹಾಗೆ ಬಂದ ಒಂದು ಪೋನಿ, ಅಂದರೆ ತಟ್ಟು ಕುದುರೆ, ವಸಂತ ಕಳೆಯುವಷ್ಟರಲ್ಲಿ ಮೈತುಂಬಿಕೊಂಡಿತೆನ್ನಿ. ಹಳೆಯ ಚಳಿಗೂದಲು ಕಂತೆ ಕಂತೆಯಾಗಿ ಉದುರಿ ಹೊಸ ಕೂದಲು ಮಿಂಚುತ್ತದೆ. ಕಂಟಕ ಕಳೆಯಿತು ಎಂದುಕೊಳ್ಳುವಾಗಲೇ ಎರಡನೆಯ ಗಂಡಾಂತರ ಎದುರಾಗುತ್ತದೆ.

ಹುಲ್ಲು ಹಗಲಿಡೀ ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತದೆ. ದ್ಯುತಿಸಂಶ್ಲೇಷಣೆ ಎಂದು ಪಾಠದಲ್ಲಿ ಓದುವುದು ಇದನ್ನೇ. ಬೆಳವಣಿಗೆಗೆ ಬೇಕಾದದ್ದನ್ನು ಬಳಸಿ ಮಿಕ್ಕಿದ್ದನ್ನು ಫ್ರಕ್ಟಾನ್ ಎಂಬ ರೂಪದಲ್ಲಿ ಕಾಂಡದ ಬುಡದಲ್ಲಿ ಕೂಡಿಡುತ್ತದೆ. ರಾತ್ರಿ ಬೆಳೆಯುವಾಗ ಈ ದಾಸ್ತಾನು ಖರ್ಚಾಗುತ್ತದೆ. ಹೀಗಾಗಿ ಸಂಜೆಯ ಹುಲ್ಲು ಸಿಹಿ, ನಸುಕಿನ ಹುಲ್ಲು ಸಪ್ಪೆ. ಆದರೆ ರಾತ್ರಿ ಹಿಮ ಬಿದ್ದರೆ ಬೆಳವಣಿಗೆ ನಿಂತು ಸಕ್ಕರೆ ಹಾಗೆಯೇ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ಮೇ ತಿಂಗಳಲ್ಲೂ ಇದು ಅಪರೂಪವಲ್ಲ. ಆಶ್ರಯಧಾಮದವರು ಮೂಗಿಗೆ ತಟ್ಟುವ ಚಳಿಯನ್ನು ನೋಡಿಯೇ ಅಂದು ಬೆಳಿಗ್ಗೆ ಯಾವ ಗೇಟು ತೆರೆಯಬಾರದೆಂದು ತೀರ್ಮಾನಿಸುತ್ತಾರೆ.

ದನಕ್ಕೆ ಇಷ್ಟು ಕಾಟವಿಲ್ಲ. ಅದು ತಿಂದದ್ದು ಮೊದಲು ದೊಡ್ಡ ಹೊಟ್ಟೆಯಲ್ಲಿ ಹುದುಗಿ, ಮೆಲುಕಾಡಿ, ಆಮೇಲೆ ಮುಂದಕ್ಕೆ ಹೋಗುತ್ತದೆ. ಕುದುರೆಯ ಹೊಟ್ಟೆ ಹತ್ತು ಹದಿನೈದು ಲೀಟರಿನಷ್ಟೇ. ನಾರು ಹುದುಗುವುದು ಸಣ್ಣ ಕರುಳನ್ನು ದಾಟಿದ ಮೇಲೆ, ಕುರುಡು ಕರುಳಿನಲ್ಲಿ. ತಿಂದದ್ದು ಒಗ್ಗದಿದ್ದರೆ ಕುದುರೆ ವಾಂತಿಯನ್ನೂ ಮಾಡಲಾರದು. ಅದರಲ್ಲೂ ಬೆಟ್ಟಗುಡ್ಡಗಳ ಬಡ ಹುಲ್ಲಿನ ಮೇಲೆ ಬದುಕಲು ಹೊಂದಿಕೊಂಡ ಬ್ರಿಟನ್ನಿನ ತಟ್ಟು ತಳಿಗಳಿಗೆ ಗೊಬ್ಬರ ಉಂಡ ಹುಲ್ಲುಗಾವಲೆಂದರೆ ದಿನವೂ ಮದುವೆಯೂಟ. ರಕ್ತದಲ್ಲಿ ಇನ್ಸುಲಿನ್ ಏರಿ ಇಳಿಯುವುದೇ ಇಲ್ಲ.

ಏಟು ಬೀಳುವುದು ಮಾತ್ರ ಹೊಟ್ಟೆಗಲ್ಲ, ಕಾಲಿಗೆ. ಕುದುರೆಯ ಗೊರಸೆಂದರೆ ಒಂದು ಬೆರಳಿನ ದಪ್ಪ ಉಗುರು. ಆ ಉಗುರಿಗೂ ಒಳಗಿನ ಮೂಳೆಗೂ ನಡುವೆ, ಎರಡು ಬಾಚಣಿಗೆಗಳ ಹಲ್ಲು ಹೆಣೆದಂತೆ, ಸುಮಾರು 600 ತೆಳು ಪದರಗಳಿವೆ. ಮೈಯ ಭಾರವೆಲ್ಲ ತೂಗುವುದು ಈ ಹೆಣಿಗೆಯಿಂದಲೇ. 2007ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಆರೋಗ್ಯವಂತ ಪೋನಿಗಳ ರಕ್ತದಲ್ಲಿ ಇನ್ಸುಲಿನ್ ಮಾತ್ರ ಹೆಚ್ಚಾಗಿರುವಂತೆ ನೋಡಿಕೊಂಡರು. ಮೂರು ದಿನಗಳೊಳಗೆ ಅವುಗಳ ಗೊರಸಿನ ಹೆಣಿಗೆ ಸಡಿಲವಾಯಿತು. ಲ್ಯಾಮಿನೈಟಿಸ್ ಎಂಬ ಈ ರೋಗ ಬಲಿತರೆ ಮೂಳೆ ಜಾರಿ ಅಂಗಾಲಿನತ್ತ ತಿರುಗುತ್ತದೆ. ಆ ನೋವಿನಲ್ಲಿ ಕುದುರೆ ನಿಲ್ಲಲಾರದು. ಹಸಿವಿನಿಂದ ಪಾರಾದ ಜೀವಕ್ಕೆ ಕೊನೆಗೆ ವೈದ್ಯರು ದಯಾಮರಣ ಕೊಡಬೇಕಾದ ಸಂದರ್ಭಗಳೂ ಉಂಟು.

ಹಾಗಾಗಿಯೇ ದಿನಚರಿಯೆಲ್ಲ ಗೊರಸಿನ ಸುತ್ತ ಸುತ್ತುತ್ತದೆ. ಬೆಳಿಗ್ಗೆ ಪ್ರತಿ ಕುದುರೆಯನ್ನೂ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಗಟ್ಟಿ ನೆಲದಲ್ಲಿ ಅಳುಕುತ್ತದೆಯೇ, ಮುಂಗಾಲಿನ ಭಾರ ತಪ್ಪಿಸಲು ಹಿಂದಕ್ಕೆ ವಾಲುತ್ತದೆಯೇ? ಗೊರಸಿನ ಮೇಲೆ ಅಂಗೈಯಿಟ್ಟು ಬಿಸಿ ನೋಡುವುದು, ಕಾಲಿನ ಗಿಣ್ಣಿನ ಹಿಂದೆ ಎರಡು ಬೆರಳಿಟ್ಟು ನಾಡಿ ಹಿಡಿಯುವುದು. ಆರೋಗ್ಯವಂತ ಕಾಲಿನಲ್ಲಿ ಆ ನಾಡಿ ಸಿಕ್ಕುವುದೇ ಕಷ್ಟ. ಬೆರಳಿಗೆ ಬಡಿದರೆ ಅಪಾಯ. ಅನುಭವವುಳ್ಳವರು ಹೊಸಬರಿಗೆ ಮೊದಲು ಕಲಿಸುವ ವಿದ್ಯೆಗಳಲ್ಲಿ ಇದೂ ಒಂದು. ಆದರೆ ಹೊಡೆತ ತಿಂದು ಬಂದ ಕುದುರೆ ಕಾಲು ಮುಟ್ಟಗೊಡುವುದೇ? ಎದುರಿನಿಂದ ಹೋಗದೆ ಪಕ್ಕದಿಂದ ಸರಿದು, ಕಣ್ಣಿಗೆ ಕಣ್ಣು ಕೊಡದೆ, ಮೊದಲು ಭುಜ, ಆಮೇಲೆ ತೋಳು ಎಂದು ವಾರಗಟ್ಟಲೆ ಸವರಿ ಒಲಿಸಿಕೊಂಡಿದ್ದರೆ ಮಾತ್ರ ಸಾಧ್ಯ.

ಒಳಗೆ ತಂದವಕ್ಕೆ ಒಣಹುಲ್ಲು. ಅದನ್ನೂ ನೀರಿನಲ್ಲಿ ನೆನೆಸಿ, ಸಕ್ಕರೆ ಕರಗಿ ಕಂದಾದ ನೀರನ್ನು ಗಂಜಿ ಬಸಿದಂತೆ ಬಸಿದು ಚೆಲ್ಲಿ ಕೊಡುತ್ತಾರೆ. ಹೊರಗೆ ಬಿಡುವ ಕೆಲವಕ್ಕೆ ಮೂತಿಗೆ ಕುಕ್ಕೆ. ನಮ್ಮಲ್ಲಿ ಕಣ ತುಳಿಯುವ ಎತ್ತಿಗೆ ಹಾಕುವಂಥದ್ದೇ. ತಳದಲ್ಲಿ ಕೆಲವು ಎಳೆ ಹುಲ್ಲು ನುಸುಳುವಷ್ಟು ತೂತು ಇರುತ್ತದೆ. ಇನ್ನು ಕೆಲವನ್ನು ಹುಲ್ಲು ತೀರಾ ಕಡಿಮೆಯಿರುವ ಬರಡು ಪಟ್ಟಿಯೊಂದರಲ್ಲಿ ಬಿಡುತ್ತಾರೆ.

ದಾರಿಹೋಕರಿಗೆ ಇದು ಅರ್ಥವಾಗುವುದಿಲ್ಲ. ಬೇಲಿಯ ಆಚೆ ಸೊಂಟದೆತ್ತರದ ಹಸಿರು, ಈಚೆ ಮಣ್ಣು ನೆಕ್ಕುವ ಪೋನಿ! ಕುದುರೆಯನ್ನು ಉಪವಾಸ ಕೆಡವಿದ್ದಾರೆಂದು ದೂರವಾಣಿಯಲ್ಲಿ ದೂರು ಕೊಡುವವರುಂಟು. ನೊಣ ಕೂರದಂತೆ ಮುಖಕ್ಕೆ ಕಟ್ಟಿದ ತೆಳು ಬಲೆಯನ್ನು ಕಂಡು, ಕಣ್ಣು ಕಟ್ಟಿದ್ದಾರೆಂದು ದೂರುವವರೂ ಉಂಟು. ಬಲೆಯೊಳಗಿನಿಂದ ಕುದುರೆಗೆ ಚೆನ್ನಾಗಿಯೇ ಕಾಣುತ್ತದೆ. ಇವರಿಂದ ಹಾನಿಯೇನಿಲ್ಲ, ಇಂಥ ಕಣ್ಗಾವಲಿನಿಂದಲೇ ಎಷ್ಟೋ ಕುದುರೆಗಳು ಉಳಿದಿವೆ. ಮನೆಯಂಗಳದಲ್ಲಿ ಕತ್ತರಿಸಿದ ಹುಲ್ಲಿನ ರಾಶಿಯನ್ನು ತಂದು ಬೇಲಿಯೊಳಗೆ ಸುರಿದುಹೋಗುವ ಕರುಣಾಳುಗಳದ್ದೇ ಭಯ. ಅದು ಹುಳಿತು ಹೊಟ್ಟೆಶೂಲೆ ತಂದು ಕುದುರೆಯನ್ನು ಕೊಂದೇಬಿಡಬಹುದು.

ಮಧ್ಯಾಹ್ನಕ್ಕೂ ಕೆಲಸವಿದೆ. ಜುಲೈಯಲ್ಲಿ ಹಳದಿ ಹೂ ಬಿಡುವ ರಾಗ್‌ವರ್ಟ್ ಗಿಡವನ್ನು ಹೂವಿಗೆ ಮುಂಚೆಯೇ ಬೇರು ಸಹಿತ ಕೀಳಬೇಕು. ಹಸಿಯಿದ್ದಾಗ ಕಹಿಯೆಂದು ಕುದುರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಗಿದರೆ ಕಹಿ ಹೋಗುತ್ತದೆ, ಯಕೃತ್ತನ್ನು ಕೆಡಿಸುವ ವಿಷ ಉಳಿಯುತ್ತದೆ. ಕೈಚೀಲ ತೊಟ್ಟ ಸ್ವಯಂಸೇವಕರು ಸಾಲಾಗಿ ಬಗ್ಗಿ ಹೊಲ ಬಾಚುತ್ತಾರೆ. ಲದ್ದಿ ಎತ್ತುವುದಂತೂ ದಿನನಿತ್ಯದ್ದು. ಅದರಲ್ಲಿ ಜಂತುಹುಳುವಿನ ಮೊಟ್ಟೆ ಎಷ್ಟಿವೆಯೆಂದು ಸೂಕ್ಷ್ಮದರ್ಶಕದಲ್ಲಿ ಎಣಿಸಿಯೇ ಔಷಧಿ ಕೊಡುವುದು ಈಗಿನ ಪದ್ಧತಿ.

ಸಂಜೆ ಮತ್ತೆ ಅದೇ ಪರೀಕ್ಷೆ. ಕತ್ತಲಾದ ಮೇಲೆ, ಸಕ್ಕರೆ ಇಳಿಯತೊಡಗಿದಾಗ, ಕಾಲು ತಣ್ಣಗಿರುವ ಪೋನಿಗಳಿಗೆ ಗೇಟು ತೆರೆಯುತ್ತದೆ. ಅವು ಒಂದೇ ಓಟಕ್ಕೆ ಹುಲ್ಲಿಗಿಳಿಯುತ್ತವೆ. ಬೆರಳಿಗೆ ನಾಡಿ ಬಡಿದ ಒಂದು ಮಾತ್ರ ಒಳಗೆ ಉಳಿಯುತ್ತದೆ, ದಪ್ಪನೆ ಹಾಸಿದ ಮೆತ್ತೆಯ ಮೇಲೆ, ನೆನೆಸಿದ ಹುಲ್ಲಿನ ಮುಂದೆ. ಅದು ಗೋಡೆ ಒದ್ದು ಕೆನೆಯುತ್ತಿದ್ದರೂ ಪಾಳಿಯ ಕೆಲಸಗಾರ್ತಿ ಅಗಳಿ ಹಾಕಿ, ನಸುಕಿನ ನಾಲ್ಕಕ್ಕೆ ಮತ್ತೆ ಬಂದು ಕಾಲು ಮುಟ್ಟಿ ನೋಡಲು ಗಡಿಯಾರಕ್ಕೆ ಗಂಟೆ ಇಟ್ಟು ಮಲಗಲು ಹೋಗುತ್ತಾಳೆ.