ಹೆಚ್.ಪಿ.ಎಲ್.ಸಿ. ಪರೀಕ್ಷೆಯಲ್ಲಿ ಔಷಧಾಂಶ ಕಡಿಮೆ ಕಂಡುಬಂದಾಗ

ಯಶವಂತಪುರಕ್ಕೆ ಸಮೀಪದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಔಷಧ ತಯಾರಿಕಾ ಘಟಕಗಳಿದ್ದು, ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಜಂಟಿ ಉದ್ಯಮವಾಗಿ 1981ರಲ್ಲಿ ಸ್ಥಾಪಿತವಾದ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಲಿಮಿಟೆಡ್‌ನ ಕಾರ್ಖಾನೆಯೂ ಅಲ್ಲಿದೆ. ಔಷಧ ಘಟಕಗಳ ಗುಣನಿಯಂತ್ರಣ ವಿಭಾಗಗಳಲ್ಲಿಯೂ ಸರ್ಕಾರಿ ಔಷಧ ಪರೀಕ್ಷಾ ಪ್ರಯೋಗಾಲಯಗಳಲ್ಲಿಯೂ ಔಷಧಾಂಶದ ಪ್ರಮಾಣವನ್ನು ಬಹುತೇಕ ಹೆಚ್.ಪಿ.ಎಲ್.ಸಿ. ಉಪಕರಣದಿಂದ ಅಳೆಯಲಾಗುತ್ತದೆ. ಮಾದರಿ ದ್ರಾವಣದ ಪೀಕ್ ವಿಸ್ತೀರ್ಣವನ್ನು ಮಾನಕ ದ್ರಾವಣದ ಪೀಕ್‌ನೊಂದಿಗೆ ಹೋಲಿಸಿ ಲೆಕ್ಕ ಹಾಕುವುದು ಇದರ ಕ್ರಮವಾಗಿದೆ.

ಭಾರತೀಯ ಔಷಧಕೋಶದ ಪ್ರಕಾರ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ನಮೂದಿತ ಪ್ರಮಾಣದ ಶೇ. 95ರಿಂದ 105ರಷ್ಟು ಔಷಧವಿರತಕ್ಕದ್ದು. 500 ಮಿ.ಗ್ರಾಂ. ಮಾತ್ರೆಯೊಂದರಲ್ಲಿ 465 ಮಿ.ಗ್ರಾಂ. ಮಾತ್ರ ಕಂಡುಬಂದಲ್ಲಿ ಅದು ಗುಣಮಟ್ಟದ್ದಲ್ಲವೆಂದು ಘೋಷಿಸುವ ಮುನ್ನ, ಔಷಧವೇ ಕಡಿಮೆಯಿದೆಯೇ ಅಥವಾ ಇದ್ದ ಔಷಧವು ಉಪಕರಣವನ್ನು ತಲುಪಲಿಲ್ಲವೇ ಎಂಬುದನ್ನು ನಿರ್ಧರಿಸುವುದು ಅವಶ್ಯಕ.

ಮೊದಲು ಮಾನಕ ದ್ರಾವಣವನ್ನೇ ಸಂಶಯಿಸತಕ್ಕದ್ದು. ಅದರ ದ್ರಾವಕ ಆವಿಯಾಗಿ ದ್ರಾವಣ ಗಾಢವಾದಲ್ಲಿ, ದೋಷವಿಲ್ಲದ ಮಾತ್ರೆಯೂ ಕಡಿಮೆ ತೋರುತ್ತದೆ. ಪ್ರತ್ಯೇಕವಾಗಿ ತೂಗಿದ ಎರಡನೆಯ ಮಾನಕದೊಂದಿಗೆ ಹೋಲಿಸಿದರೆ ಇದು ತಿಳಿಯುತ್ತದೆ. ಕೆಲವು ಔಷಧಗಳು ಶೋಧಕ ಪದರಕ್ಕೆ ಅಂಟಿಕೊಳ್ಳುವುದರಿಂದ, ಸೋಸಿದ ದ್ರಾವಣದ ಮೊದಲ ಕೆಲವು ಮಿ.ಲೀ. ಚೆಲ್ಲುವುದು ವಾಡಿಕೆ. ಅಮಾಕ್ಸಿಸಿಲಿನ್‌ನಂತಹ ಔಷಧಗಳು ದ್ರಾವಣದಲ್ಲಿ ಕ್ರಮೇಣ ವಿಘಟನೆಗೊಳ್ಳುವುದರಿಂದ ತಡವಾಗಿ ಪರೀಕ್ಷಿಸಿದ ಸೀಸೆಗಳಲ್ಲಿ ಪ್ರಮಾಣ ಇಳಿಯುತ್ತಾ ಹೋಗುತ್ತದೆ.

ಔಷಧರಹಿತ ಪೂರಕ ಪದಾರ್ಥಗಳಿಗೆ ತಿಳಿದ ಪ್ರಮಾಣದ ಶುದ್ಧ ಔಷಧವನ್ನು ಬೆರೆಸಿ ಮರಳಿ ಅಳೆಯುವುದಕ್ಕೆ ರಿಕವರಿ ಪರೀಕ್ಷೆ ಎನ್ನುತ್ತಾರೆ. ಇದರ ಫಲಿತಾಂಶ ಶೇ. 100ರ ಸಮೀಪ ಬಂದ ಮಾತ್ರಕ್ಕೆ ವಿಧಾನ ಸರಿಯಿದೆಯೆಂದು ತೀರ್ಮಾನಿಸುವುದು ಆತುರದ ಕ್ರಮ. ಬೆರೆಸಿದ ಪುಡಿ ಸುಲಭವಾಗಿ ಕರಗುತ್ತದೆ. ಒತ್ತಡದಲ್ಲಿ ಅಚ್ಚಾದ ಮಾತ್ರೆಯೊಳಗಿನ ಔಷಧವು ಹಾಗೆ ಬಿಟ್ಟುಕೊಡುವುದಿಲ್ಲ. ಆದುದರಿಂದ ಉಳಿದ ಗಷ್ಟನ್ನು ಹೊಸ ದ್ರಾವಕದಲ್ಲಿ ಮತ್ತೊಮ್ಮೆ ಕಲಕಿ ಪರೀಕ್ಷಿಸುವುದು, ಸಾನಿಕೇಟರ್‌ನಲ್ಲಿಡುವ ಅವಧಿಯನ್ನು ಹೆಚ್ಚಿಸಿ ಫಲಿತಾಂಶ ಏರುವುದೇ ಎಂದು ನೋಡುವುದು ಹೆಚ್ಚು ಉಪಯುಕ್ತ. ಈ ತನಿಖೆ ಮುಗಿಯುವವರೆಗೆ ಮೂಲ ದ್ರಾವಣಗಳನ್ನು ಚೆಲ್ಲಬಾರದು. ಕಾರಣ ತಿಳಿಯದೆ ಉತ್ತೀರ್ಣವಾಗುವವರೆಗೆ ಮರುಪರೀಕ್ಷಿಸುವುದು ತನಿಖೆಯೆನಿಸದು; ನಿಜವಾಗಿಯೂ ಔಷಧಾಂಶ ಕಡಿಮೆಯಿರುವ ಮಾತ್ರೆ ರೋಗಿಯನ್ನು ತಲುಪಲು ಅದೇ ದಾರಿಯಾಗುತ್ತದೆ.

ಔಷಧಗಳು ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮ, 1940ರ 25ನೇ ಪ್ರಕರಣದಂತೆ, ಸರ್ಕಾರಿ ವಿಶ್ಲೇಷಕರ ವರದಿಯನ್ನು ಒಪ್ಪದವರು ಅದರ ಪ್ರತಿ ತಲುಪಿದ 28 ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ಹೀಗೆ ತಿಳಿಸಿದಲ್ಲಿ, ನ್ಯಾಯಾಲಯವು ತನ್ನ ಮುಂದೆ ಹಾಜರುಪಡಿಸಲಾದ ಮಾದರಿಯ ಭಾಗವನ್ನು ಕೇಂದ್ರೀಯ ಔಷಧ ಪ್ರಯೋಗಾಲಯಕ್ಕೆ ಕಳುಹಿಸಬಹುದಾಗಿದೆ.