ನಿಂತ ಮನೆ, ನಡೆಯುವ ಮನೆ

ವ್ಯಾಪಾರಸ್ಥನಿಗೆ ಮನೆಯೆಂದರೆ ಬಹುಮಟ್ಟಿಗೆ ಊಟ ಮಾಡಿ ಮಲಗುವ ಸ್ಥಳ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದನೆಂದರೆ ಗಿರಾಕಿ, ಬ್ಯಾಂಕು, ಉದ್ರಿ ವಸೂಲಿ ಇವುಗಳಲ್ಲಿಯೇ ದಿನ ಕಳೆದುಹೋಗುತ್ತದೆ. ಸೋಲಾಪುರದಲ್ಲಿ ಮೂರು ತಲೆಮಾರಿನಿಂದ ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದಿರುವ ನಮ್ಮ ಕುಟುಂಬಕ್ಕೆ ಮನೆಯ ಒಳಗಿನ ಲೆಕ್ಕವನ್ನು ತೆರೆದು ತೋರಿಸಿದ್ದು 2020ರ ಕೊರೋನಾ ಮಹಾಮಾರಿ. ಅದೇ ಲೆಕ್ಕದ ಎರಡನೆಯ ಪಾಠವಾದದ್ದು 2023ರ ಜನವರಿಯಲ್ಲಿ, ಅಮೇರಿಕೆಯ ಮರುಭೂಮಿಯಲ್ಲಿ, ಗಾಲಿಗಳ ಮೇಲೆ ನಡೆಯುವ ಮನೆಯಲ್ಲಿ. ಇವೆರಡನ್ನೂ ಕೂಡಿಸಿ ನೋಡಿದಾಗ ಹೊಳೆದ ನಾಲ್ಕು ಮಾತುಗಳನ್ನು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಬಾಗಿಲು ಮುಚ್ಚಿದ ದಿನಗಳು

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ದೇಶವೆಲ್ಲ ಬಂದ್. ಲಗ್ನಸರಾಯಿಗೆಂದು ತರಿಸಿದ ಮಾಲು ಕಪಾಟಿನಲ್ಲಿಯೇ ಉಳಿಯಿತು. ಏಪ್ರಿಲ್ 6ರ ಮಹಾವೀರ ಜಯಂತಿ, 26ರ ಅಕ್ಷಯ ತೃತೀಯೆ ಎರಡೂ ಮನೆಯ ನಾಲ್ಕು ಗೋಡೆಗಳ ನಡುವೆಯೇ ಆದವು. ಜೂನ್ ತಿಂಗಳಲ್ಲಿ ರಸ್ತೆಯ ಒಂದು ಮಗ್ಗುಲಿನ ಅಂಗಡಿಗಳು ಒಂದು ದಿನ, ಎದುರು ಮಗ್ಗುಲಿನವು ಮರುದಿನ ಎಂಬ ನಿಯಮ ರಾಜ್ಯದಲ್ಲಿ ಬಂದಿತು. ಬಸದಿಗಳ ಬಾಗಿಲು ಭಕ್ತರಿಗೆ ಮತ್ತೆ ತೆರೆದದ್ದು ನವೆಂಬರ್ 16ರಂದು.

ಇಷ್ಟು ದಿನ ಮನೆಯಲ್ಲಿ ಕುಳಿತವನಿಗೆ ಕಂಡದ್ದೇನು? ಏಳು ಜನರಿಗೆ ಎರಡು ಹೊತ್ತಿನ ಊಟ, ಉಪಾಹಾರ, ಸೋಸಿದ ನೀರು, ಪಾತ್ರೆ, ಬಟ್ಟೆ. ಕೆಲಸದಾಕೆ ಬರುವಂತಿರಲಿಲ್ಲ. ಬೆಳಗಿನ ಐದರಿಂದ ನಮ್ಮ ಮನೆಯವರ ಕೈಗೆ ಬಿಡುವಿಲ್ಲ. ಅಂಗಡಿಯಲ್ಲಿ ಒಂದು ಮೀಟರ್ ಬಟ್ಟೆ ಹೋದರೂ ಕೀರ್ದಿಯಲ್ಲಿ ಏರುತ್ತದೆ. ಆದರೆ ಮನೆಯ ಹೆಣ್ಣುಮಕ್ಕಳ ದುಡಿತ ಯಾವ ವಹಿಯಲ್ಲಿಯೂ ಏರುವುದಿಲ್ಲ. ಮೊಮ್ಮಗಳ ಪಾಟಿಯ ಮೇಲೆ ಎಲ್ಲರ ಹೆಸರು ಬರೆದು ಕೆಲಸ ಹಂಚಿದೆವು. ನೀರು ತುಂಬುವುದು ಹಿರಿಯ ಮಗನಿಗೆ, ಕಾಳು ಆರಿಸುವುದು ನನಗೆ, ಪಾತ್ರೆ ಒರೆಸಿಡುವುದು ಮಕ್ಕಳಿಗೆ. ಎಂಟು ದಿನಗಳಲ್ಲಿ ಮನೆಯ ಗದ್ದಲ ತಾನಾಗಿ ಇಳಿಯಿತು. ಸಂಜೆ ಹೊತ್ತು ಮುಳುಗುವ ಮೊದಲು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಯೋಗ ಎಷ್ಟೋ ವರ್ಷಗಳ ಮೇಲೆ ಕೂಡಿಬಂದಿತು.

ಆದರೆ ಆ ಕಾಲವನ್ನು ಬರೀ ಶಾಂತಿಯ ಕಾಲವೆಂದು ಬರೆದರೆ ಸುಳ್ಳಾದೀತು. 2021ರ ಏಪ್ರಿಲ್‌ನ ಎರಡನೆಯ ಅಲೆಯಲ್ಲಿ ಅಕ್ಕಲಕೋಟೆಯಲ್ಲಿದ್ದ ನನ್ನ ಅಕ್ಕ ತೀರಿಕೊಂಡಳು. ಅಂತ್ಯಸಂಸ್ಕಾರಕ್ಕೆ ಇಪ್ಪತ್ತು ಜನರಿಗೆ ಮಾತ್ರ ಅನುಮತಿ. ನಮ್ಮ ಮನೆಯಲ್ಲಿಯೂ ಆಗ ಇಬ್ಬರಿಗೆ ಜ್ವರ. ನಲವತ್ತು ಕಿಲೋಮೀಟರ್ ದಾಟಲಾಗದೆ ಮೊಬೈಲಿನಲ್ಲಿಯೇ ಅಂತಿಮ ದರ್ಶನ ಪಡೆದೆವು. ಏಳು ಸಮುದ್ರದಾಚೆ ಕಿರಿಯ ಮಗನಿದ್ದಾನೆ. ಕೈಕಾಲು ಆಡುತ್ತಿರುವಾಗಲೇ ಹೋಗಿ ಅವನ ಸಂಸಾರ ನೋಡಿ ಬರಬೇಕೆಂದು ಅಂದೇ ಇಬ್ಬರೂ ನಿಶ್ಚಯಿಸಿದೆವು.

ಗಾಲಿಗಳ ಮೇಲಿನ ಸಂಸಾರ

ಮಗನಿರುವುದು ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ನಾವು ಹೋದಾಗ ಅವನು ಒಂದು ವಾರಕ್ಕೆ ಮೋಟಾರ್‌ಹೋಮ್ ಬಾಡಿಗೆಗೆ ತಂದಿದ್ದ. ಸುಮಾರು ಇಪ್ಪತ್ತೈದು ಅಡಿ ಉದ್ದದ ಗಾಡಿ. ಒಳಗೆ ಗ್ಯಾಸಿನ ಒಲೆ, ಫ್ರಿಜ್, ಮಲಗುವ ಹಾಸಿಗೆಗಳು, ಸ್ನಾನದ ಗೂಡು, ಶೌಚಾಲಯ ಎಲ್ಲವೂ ಇವೆ. ಪೆಟ್ರೋಲು ಮಾತ್ರ ಲೀಟರಿಗೆ ನಾಲ್ಕು ಕಿಲೋಮೀಟರಿನಷ್ಟೂ ಕೊಡುವುದಿಲ್ಲ.

ಫೀನಿಕ್ಸಿನಿಂದ ಪಶ್ಚಿಮಕ್ಕೆ ಇನ್ನೂರು ಕಿಲೋಮೀಟರ್ ಹೋದರೆ ಕ್ವಾರ್ಟ್ಸ್‌ಸೈಟ್ ಎಂಬ ಸಣ್ಣ ಊರು. ಬೇಸಿಗೆಯಲ್ಲಿ 45 ಡಿಗ್ರಿ ಬಿಸಿಲು, ಊರು ಬಣಬಣ. ಚಳಿಗಾಲ ಬಂದಿತೆಂದರೆ ಉತ್ತರದ ಹಿಮಪ್ರದೇಶಗಳಿಂದಲೂ ಕೆನಡಾದಿಂದಲೂ ನಿವೃತ್ತ ದಂಪತಿಗಳು ಇಂಥ ಗಾಡಿಗಳಲ್ಲಿ ಬಂದು ಸುತ್ತಲಿನ ಸರ್ಕಾರಿ ಬಯಲಿನಲ್ಲಿ ಬೀಡುಬಿಡುತ್ತಾರೆ. ಹಿಮಕ್ಕೆ ಹೆದರಿ ದಕ್ಷಿಣಕ್ಕೆ ಹಾರುವ ಹಕ್ಕಿಗಳೆಂದೇ ಅವರಿಗೆ ಹೆಸರು. ನಾವು ಹೋದ ವರ್ಷ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಏಳು ತಿಂಗಳ ಬೀಡಿಗೆ ಶುಲ್ಕ 180 ಡಾಲರ್ ಇತ್ತು. 2020ರ ಮಾರ್ಚ್‌ನಿಂದ 2021ರ ನವೆಂಬರ್ 8ರವರೆಗೆ ಪ್ರವಾಸಿಗರಿಗೆ ನೆಲದ ಗಡಿ ಮುಚ್ಚಿದ್ದರಿಂದ ಕೆನಡಾದ ಹಿರಿಯರು ಒಂದು ಇಡೀ ಚಳಿಗಾಲ ಗಾಡಿ ಓಡಿಸಿಕೊಂಡು ಬರಲಾಗಲಿಲ್ಲ. ನಾವು ಸೋಲಾಪುರದಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ಅವರೂ ಹಿಮದಲ್ಲಿ ಬಾಗಿಲು ಹಾಕಿಕೊಂಡಿದ್ದರು.

ಆ ಊರಿನ ಸ್ಮಶಾನದಲ್ಲಿ ಒಂದು ಸ್ಮಾರಕವಿದೆ. ಕಲ್ಲಿನ ಗೋಪುರ, ಅದರ ಮೇಲೆ ಲೋಹದ ಒಂಟೆ. 1850ರ ದಶಕದಲ್ಲಿ ಅಮೇರಿಕೆಯ ಸೈನ್ಯ ಮರುಭೂಮಿಯಲ್ಲಿ ಸಾಮಾನು ಹೊರಲು ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿ ಎಂಬವನ ಸಮಾಧಿ ಅದು. ಆತ ತೀರಿಕೊಂಡದ್ದು 1902ರಲ್ಲಿ. ಹೊಟ್ಟೆಪಾಡಿಗೆ ದೂರದೇಶಕ್ಕೆ ಹೋಗಿ ಅಲ್ಲಿಯೇ ಮಣ್ಣಾದವನ ಮುಂದೆ ನಮ್ಮ ಮನೆಯವರು ಬಹಳ ಹೊತ್ತು ನಿಂತರು. ಮಗನ ಕಡೆಗೊಮ್ಮೆ ನೋಡಿದರು, ಏನೂ ಆಡಲಿಲ್ಲ.

ನೂರೈವತ್ತು ಲೀಟರಿನ ಲೆಕ್ಕ

ಬಯಲಿನಲ್ಲಿ ನಳವಿಲ್ಲ, ಕರೆಂಟಿಲ್ಲ. ಗಾಡಿಯ ಟಾಕಿಯಲ್ಲಿದ್ದ ನೀರು ಸುಮಾರು 150 ಲೀಟರ್. ನಾವು ಐದು ಜನ, ಮೂರು ದಿನ. ಒಬ್ಬರಿಗೆ ದಿನಕ್ಕೆ ಹತ್ತೇ ಲೀಟರ್! ಬಳಸಿದ ನೀರೂ ಕೆಳಗಿನ ಟಾಕಿಯಲ್ಲಿಯೇ ಕೂಡುತ್ತದೆ. ಅದನ್ನು ನೆಲಕ್ಕೆ ಬಿಡುವಂತಿಲ್ಲ, ನಿಗದಿಯಾದ ಸ್ಥಳಕ್ಕೆ ಒಯ್ದೇ ಖಾಲಿ ಮಾಡಬೇಕು. ರಾತ್ರಿ ಚಳಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ಹೀಟರ್ ಹಚ್ಚಿದರೆ ಗ್ಯಾಸೂ ಬ್ಯಾಟರಿಯೂ ಖರ್ಚು. ಮನೆಯಲ್ಲಿ ಕಣ್ಣಿಗೆ ಬೀಳದ ಜಮಾ-ಖರ್ಚು ಇಲ್ಲಿ ಗೋಡೆಯ ಮೇಲಿನ ಸಣ್ಣ ದೀಪಗಳಲ್ಲಿ ಕಾಣುತ್ತದೆ.

ಸೊಸೆಗೆ ಚಿಂತೆ ಹತ್ತಿತು. ನಮ್ಮ ಮನೆಯವರಿಗೆ ಹತ್ತಲಿಲ್ಲ. ನಾಲ್ಕೈದು ದಿನಕ್ಕೊಮ್ಮೆ ನಳಕ್ಕೆ ನೀರು ಬರುವ ಸೋಲಾಪುರದಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವರು ಅವರು! ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆಯ ಮೊದಲ ಗಲಬು, ಸ್ನಾನಕ್ಕೆ ಒಂದು ಚಿಕ್ಕ ಬಕೆಟ್, ಬೇಳೆ-ಅನ್ನ ಒಂದೇ ಕುಕ್ಕರಿನಲ್ಲಿ. ಜನವರಿಯಲ್ಲಿ ಅಲ್ಲಿ ಹೊತ್ತು ಮುಳುಗುವುದು ಸುಮಾರು ಆರಕ್ಕೆ; ಐದೂವರೆಗೆ ಊಟ ಮುಗಿದಿರುತ್ತಿತ್ತು. ಕಂದಮೂಲವಿಲ್ಲದ ಊಟ ಹುಡುಕುತ್ತ ಹೋಟೆಲಿನಿಂದ ಹೋಟೆಲಿಗೆ ಅಲೆಯುವ ಕಷ್ಟವೇ ಇರಲಿಲ್ಲ. ಮೂರನೆಯ ಸಂಜೆ ಮೊಮ್ಮಗ ದೀಪ ನೋಡಿ, "ಆಯೀ, ಇನ್ನೂ ಮೂರರಲ್ಲಿ ಒಂದು ಪಾಲು ನೀರು ಉಳಿದದ!" ಎಂದು ಕೂಗಿದ. "ಅತ್ತೆಯವರೇ, ಇದನ್ನು ನನಗೂ ಕಲಿಸಿಕೊಡಿ" ಎಂದಳು ಸೊಸೆ. ಪಾಟಿಯ ಮೇಲೆ ಏರದಿದ್ದ ವಿದ್ಯೆಗೆ ಅಂದು ಬೆಲೆ ಬಂದಿತು.

ವ್ಯಾಪಾರಿಯ ಎರಡು ಮಾತು

ಹೋಟೆಲು, ವಿಮಾನಗಳಿಗೆ ಹೆದರಿದ ಜನ ಮಹಾಮಾರಿಯ ಕಾಲದಲ್ಲಿ ಇಂಥ ಗಾಡಿಗಳಿಗೆ ಮುಗಿಬಿದ್ದರು. ಎಳೆದೊಯ್ಯುವ ಮನೆಗಳೂ ಸೇರಿ 2021ರಲ್ಲಿ ಅಲ್ಲಿನ ಕಾರ್ಖಾನೆಗಳಿಂದ ಹೊರಬಿದ್ದವು ಆರು ಲಕ್ಷಕ್ಕೂ ಮೇಲೆ. ಅಲ್ಲಿಯವರೆಗಿನ ದಾಖಲೆ ಅದು. 2023ಕ್ಕೆ ಸುಮಾರು ಮೂರು ಲಕ್ಷ ಹದಿಮೂರು ಸಾವಿರಕ್ಕೆ ಇಳಿಯಿತು. ಭಯದಲ್ಲಿ ಕೊಂಡ ಮಾಲು ಧೈರ್ಯ ಬಂದ ಮೇಲೆ ಅಂಗಳದಲ್ಲಿ ನಿಲ್ಲುತ್ತದೆ. ಬಟ್ಟೆಯ ಪೇಟೆಯಲ್ಲಿಯೂ ಇದೇ ನ್ಯಾಯ. ಆದ್ದರಿಂದ ಮಕ್ಕಳ ಬಳಿ ಹೋಗುವ ಬಂಧುಗಳು ಗಾಡಿಯನ್ನು ಬಾಡಿಗೆಗೇ ತೆಗೆದುಕೊಳ್ಳಲಿ. ಹೊರಡುವ ಮೊದಲು ಗ್ಯಾಸಿನ ಮತ್ತು ವಿಷಗಾಳಿಯ ಎಚ್ಚರಿಕೆ ಗಂಟೆಗಳನ್ನು ಪರೀಕ್ಷಿಸಿಕೊಳ್ಳಲಿ. ವಯಸ್ಸಾದವರು ಪ್ರವಾಸದ ಆರೋಗ್ಯ ವಿಮೆಯಿಲ್ಲದೆ ವಿಮಾನ ಹತ್ತಬಾರದು. ನಮ್ಮಲ್ಲಿಯೂ ಕೇರಳ, ಮಹಾರಾಷ್ಟ್ರ ಸರ್ಕಾರಗಳು 2021ರಲ್ಲಿ ಕಾರವಾನ್ ಪ್ರವಾಸದ ಧೋರಣೆಗಳನ್ನು ಪ್ರಕಟಿಸಿವೆ.

ಇನ್ನೊಂದು ಮಾತು. ಗಾಡಿಯಿರಲಿ ಹವೇಲಿಯಿರಲಿ, ನೀರು ಎಷ್ಟು, ಉರಿ ಎಷ್ಟು, ದುಡಿಯುವ ಕೈ ಯಾರದು ಎಂಬುದು ಮನೆಮಂದಿಗೆಲ್ಲ ಕಾಣುತ್ತಿದ್ದರೆ ಜಗಳಕ್ಕೆ ಎಡೆ ಕಡಿಮೆ. ದೀಪಾವಳಿಯಲ್ಲಿ ಅಂಗಡಿಯ ವಹಿಪೂಜೆ ಮಾಡುವ ನಾವು ವರ್ಷಕ್ಕೊಮ್ಮೆ ಮನೆಯ ವಹಿಯನ್ನೂ ತೆರೆದು ನೋಡೋಣ. ದೂರದ ನಂಟರನ್ನು ಕಾಣಬೇಕೆಂಬ ಬಾಕಿ ಅದರಲ್ಲಿದ್ದರೆ ಮುಂದಿನ ವರ್ಷಕ್ಕೆ ತಳ್ಳದೆ ಮೊದಲು ಅದನ್ನೇ ತೀರಿಸೋಣ.