ಸೋಲಾರಿಸ್ ಕೋಟೆಯೂ ಬೆಂಗಳೂರಿನ ಸಿ.ಡಿ.ಯೂ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ವರ್ಷಗಟ್ಟಲೆ ‘ಯುನಿಕ್ಸ್’ ಹೆಸರಿನ ವಿಷಯವಿತ್ತು. ಆದರೆ ಬಹುತೇಕ ಪ್ರಯೋಗಾಲಯಗಳ ಕಂಪ್ಯೂಟರುಗಳಲ್ಲಿ ಇದ್ದದ್ದು ಅದನ್ನೇ ಹೋಲುವ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ, ಲಿನಕ್ಸ್. ಜಾವಾ ಪುಸ್ತಕದ ಮೊದಲ ಅಧ್ಯಾಯದಲ್ಲೇ ಸನ್ ಮೈಕ್ರೋಸಿಸ್ಟಮ್ಸ್ ಹೆಸರು ಕಾಣುವ ಕಲಬುರಗಿಯ ವಿದ್ಯಾರ್ಥಿಗೆ ಒಂದು ಪ್ರಶ್ನೆ ಏಳುವುದು ಸಹಜ: ಅಷ್ಟು ದೊಡ್ಡ ಯುನಿಕ್ಸ್ ಕಂಪನಿ ಎಲ್ಲಿಗೆ ಹೋಯಿತು?

ಉತ್ತರದ ಸುಳಿವು ಅದೇ ಊರಿನ ಕೋಟೆಯಲ್ಲಿದೆ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪಿಸಿದ ಅಲಾವುದ್ದೀನ್ ಹಸನ್ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ಕೋಟೆಯನ್ನು ಬಲಪಡಿಸಿದ. ದಪ್ಪ ಗೋಡೆ, ಕಂದಕ, ಬುರುಜು, ಉದ್ದನೆಯ ತೋಪು, ಒಳಗೆ 1367ರ ಜಾಮಾ ಮಸೀದಿ, ಯಾವುದಕ್ಕೂ ಕೊರತೆಯಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಕೋಟೆ ಇದ್ದಲ್ಲೇ ಉಳಿಯಿತು, ದರ್ಬಾರು ಹೊರಟುಹೋಯಿತು. ಸನ್ ಕಂಪನಿಯ ಯುನಿಕ್ಸ್ ಆದ ಸೋಲಾರಿಸ್‌ಗೆ ಆದದ್ದೂ ಇದೇ. ಅದರ ಗೋಡೆ ಕೊನೆಯವರೆಗೂ ಗಟ್ಟಿಯಾಗಿತ್ತು. ಕೆಲಸ ಮಾತ್ರ ಲಿನಕ್ಸ್ ಕಡೆಗೆ ಸಾಗಿತು.

ವಿನೋದ್ ಖೋಸ್ಲಾ, ಆಂಡಿ ಬೆಕ್ಟೋಲ್‌ಶೈಮ್, ಸ್ಕಾಟ್ ಮೆಕ್‌ನೀಲಿ ಮತ್ತು ಬಿಲ್ ಜಾಯ್ ಸೇರಿ 1982ರಲ್ಲಿ ಕಟ್ಟಿದ ಕಂಪನಿ ಸನ್. ಸ್ಪಾರ್ಕ್ ಪ್ರೊಸೆಸರ್ ಅದರದೇ, ಯುನಿಕ್ಸ್ ಅದರದೇ, ಬೆಲೆಯೂ ಅದು ಹೇಳಿದ್ದೇ. ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಲೈನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿಯ ಮನೆಯ 386 ಪಿ.ಸಿ. ಮೇಲೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಗ್ಗದ ಇಂಟೆಲ್ ಸರ್ವರುಗಳ ಮೇಲೆ ಕೂತು ಅದು ಸನ್ ಗಿರಾಕಿಗಳ ಬಾಗಿಲು ತಟ್ಟುತ್ತಿತ್ತು.

ಬಂದವರು ನೆಂಟರೋ ವೈರಿಗಳೋ ಎಂಬುದನ್ನು ಸನ್ ತೀರ್ಮಾನಿಸಲೇ ಇಲ್ಲ. 2000ದಲ್ಲಿ ಲಿನಕ್ಸ್ ಸರ್ವರು ಮಾಡುತ್ತಿದ್ದ ಕೋಬಾಲ್ಟ್ ಕಂಪನಿಯನ್ನು ಸುಮಾರು 200 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಂಡಿತು. 2003ರ ಕೊನೆಗೆ ಆ ಸರ್ವರುಗಳನ್ನೇ ನಿಲ್ಲಿಸಿತು. 2002ರ ಆರಂಭದಲ್ಲಿ ಇಂಟೆಲ್ ಯಂತ್ರಗಳ ಸೋಲಾರಿಸ್ 9 ಅನ್ನು ಮುಂದೂಡಿ, ಆಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ‘ಸನ್ ಲಿನಕ್ಸ್’ ಎಂಬ ತನ್ನದೇ ಆವೃತ್ತಿ ಬಿಟ್ಟಿತು, ಮರುವರ್ಷ ಕೈಬಿಟ್ಟಿತು. 2003ರಲ್ಲಿ ವಿಂಡೋಸ್‌ಗೆ ಎದುರಾಳಿಯಾಗಿ ‘ಜಾವಾ ಡೆಸ್ಕ್‌ಟಾಪ್ ಸಿಸ್ಟಮ್’ ತಂದಿತು. ಹೆಸರು ಜಾವಾ, ತಳಪಾಯ ಸೂಸೆ ಲಿನಕ್ಸ್, ಮೇಲೆ ಗ್ನೋಮ್ ಮತ್ತು ಸ್ಟಾರ್ ಆಫೀಸ್. ಮುಂದೆ ಅದನ್ನೂ ಸೋಲಾರಿಸ್ ಮೇಲಕ್ಕೆ ಸಾಗಿಸಿತು. ಇಷ್ಟು ಸಲ ಮಾತು ಬದಲಿಸಿದ ಕಂಪನಿಯನ್ನು ನಂಬಿ ಐದಾರು ವರ್ಷದ ಯೋಜನೆ ಹಾಕುವುದು ಯಾವ ಬ್ಯಾಂಕಿಗಾದರೂ ಕಷ್ಟವೇ.

ಬೇಸರದ ಸಂಗತಿಯೆಂದರೆ ಇದೇ ಹೊತ್ತಿನಲ್ಲಿ ಸನ್ ಎಂಜಿನಿಯರುಗಳು ತಮ್ಮ ಬದುಕಿನ ಅತ್ಯುತ್ತಮ ಕೆಲಸ ಮಾಡುತ್ತಿದ್ದರು. 2005ರಲ್ಲಿ ಸೋಲಾರಿಸ್ 10 ಬಂತು, ಉಚಿತವಾಗಿ. ಅದರಲ್ಲಿದ್ದ ಡಿಟ್ರೇಸ್, ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆಯೇ ಅದರೊಳಗೆ ಯಾವ ಕ್ಷಣ ಏನು ನಡೆಯುತ್ತಿದೆ ಎಂದು ತೋರಿಸುವ ಸಾಧನ. ಅದೇ ವರ್ಷದ ಜೂನ್‌ನಲ್ಲಿ ‘ಓಪನ್ ಸೋಲಾರಿಸ್’ ಹೆಸರಲ್ಲಿ ಮೂಲ ಸಂಕೇತವೂ ಬಯಲಿಗೆ ಬಂತು. ಆದರೆ ಸನ್ ಆರಿಸಿಕೊಂಡ ಸಿ.ಡಿ.ಡಿ.ಎಲ್. ಪರವಾನಗಿ ಲಿನಕ್ಸ್‌ನ ಜಿ.ಪಿ.ಎಲ್. ಜೊತೆ ಕೂಡುವಂಥದ್ದಲ್ಲ. ಬಾಗಿಲು ತೆರೆದು ಹೊಸ್ತಿಲಲ್ಲಿ ಗೆರೆ ಎಳೆದಂತಾಯಿತು.

ಬೆಂಗಳೂರು ಈ ಕತೆಯೊಳಗೆ ಬರುವುದು ಇಲ್ಲಿಯೇ. ಸೋಲಾರಿಸ್ ಹಾಕಲು ಆಗ ಹಲವು ಸಿ.ಡಿ.ಗಳು ಬೇಕಿದ್ದವು, ಲಿನಕ್ಸ್‌ನ ‘ನಾಪಿಕ್ಸ್’ ಒಂದೇ ಸಿ.ಡಿ.ಯಿಂದ, ಹಾರ್ಡ್ ಡಿಸ್ಕ್ ಮುಟ್ಟದೆ ಎದ್ದು ನಿಲ್ಲುತ್ತಿತ್ತು. ಸನ್‌ನ ಬೆಂಗಳೂರು ಎಂಜಿನಿಯರಿಂಗ್ ಕೇಂದ್ರದ ಮೊಯ್ನಾಕ್ ಘೋಷ್ ಮತ್ತು ಸಂಗಡಿಗರು ಓಪನ್ ಸೋಲಾರಿಸ್‌ಗೂ ಅಂಥದ್ದನ್ನು ಕಟ್ಟಿ ‘ಬೆಲೆನಿಕ್ಸ್’ ಎಂದು ಕರೆದರು. ಬೆಲೆನಸ್ ಎಂದರೆ ಕೆಲ್ಟಿಕ್ ಜನರ ಸೂರ್ಯದೇವ.

ಅಲ್ಲಿ ಎದುರಾದ ತೊಡಕು ಕುತೂಹಲಕಾರಿ. ಸಿ.ಡಿ. ಓದುವ ಕಣ್ಣು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುವುದು ಹಾರ್ಡ್ ಡಿಸ್ಕಿಗಿಂತ ಎಷ್ಟೋ ನಿಧಾನ. ಆರಂಭವಾಗುವಾಗ ವ್ಯವಸ್ಥೆ ಓದುವ ನೂರಾರು ಕಡತಗಳು ಚೆಲ್ಲಾಪಿಲ್ಲಿಯಾಗಿದ್ದರೆ ಪರದೆ ಬೆಳಗುವಷ್ಟರಲ್ಲಿ ಕಾದವರ ತಾಳ್ಮೆಯೇ ಮುಗಿದಿರುತ್ತದೆ. ಕಡತಗಳನ್ನು ಕುಗ್ಗಿಸಿ 700 ಎಂ.ಬಿ. ಜಾಗದಲ್ಲಿ ತುಂಬಿದ್ದಾಯಿತು. ಯಾವ ಕಡತ ಯಾವುದರ ನಂತರ ಬೇಕಾಗುತ್ತದೆ ಎಂಬುದನ್ನು ಡಿಟ್ರೇಸ್‌ನಿಂದಲೇ ಗುರುತಿಸಿ, ಸಿ.ಡಿ.ಯ ಮೇಲೆ ಅದೇ ಸರದಿಯಲ್ಲಿ ಜೋಡಿಸಿದ್ದಾಯಿತು. ಸರ್ವರುಗಳ ರೋಗ ಪತ್ತೆಗೆಂದು ಹುಟ್ಟಿದ ಸಾಧನ ಮನೆಯ ಪಿ.ಸಿ.ಯ ಕಾಯುವಿಕೆಯನ್ನು ತಗ್ಗಿಸಿತು. ಮುಂದೆ 2008ರ ಮೇ ತಿಂಗಳಲ್ಲಿ ಸನ್ ಅಧಿಕೃತವಾಗಿ ಬಿಟ್ಟ ಓಪನ್ ಸೋಲಾರಿಸ್ ಸಿ.ಡಿ.ಗೆ ಬೆಲೆನಿಕ್ಸ್ ತಂತ್ರವೇ ಆಧಾರವಾಯಿತು. ಕರ್ನಾಟಕದ ತಂತ್ರಜ್ಞಾನ ಚರಿತ್ರೆ ಬರೆಯುವವರು ಈ ಪುಟವನ್ನು ಬಿಡಬಾರದು.

ಆದರೆ ತಡವಾಗಿತ್ತು. 2010ರ ಜನವರಿಯಲ್ಲಿ ಒರಾಕಲ್ 740 ಕೋಟಿ ಡಾಲರಿಗೆ ಸನ್ ಕೊಂಡು ಮುಗಿಸಿತು. ಆಗಸ್ಟ್‌ನಲ್ಲಿ ಓಪನ್ ಸೋಲಾರಿಸ್ ನಿಂತಿತು. 2017ರ ನವೆಂಬರ್ ಹೊತ್ತಿಗೆ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳಲ್ಲೂ ಇದ್ದದ್ದು ಲಿನಕ್ಸ್. ಸೋಲಾರಿಸ್ ಸೋತದ್ದು ಗುಣದಲ್ಲಲ್ಲ, ಕಂಪನಿಯ ಅನಿಶ್ಚಯದಲ್ಲಿ.

ಓಪನ್ ಸೋಲಾರಿಸ್‌ನ ಮೂಲ ಸಂಕೇತದಿಂದ 2010ರಲ್ಲೇ ಕವಲೊಡೆದ ಇಲ್ಯೂಮೋಸ್ ಇಂದಿಗೂ ಜೀವಂತವಾಗಿದೆ. ಅದನ್ನು ಆಧರಿಸಿದ ಓಪನ್‌ಇಂಡಿಯಾನಾ ಉಚಿತ, ಮಾಮೂಲಿ ಪಿ.ಸಿ. ಮೇಲೆ ಓಡುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಪ್ರಯೋಗಾಲಯದ ಒಂದು ಯಂತ್ರದಲ್ಲಾದರೂ ಅದನ್ನು ಹಾಕಿ, ವಿದ್ಯಾರ್ಥಿಗಳ ಕೈಗೆ ಡಿಟ್ರೇಸ್ ಕೊಡಲಿ.